ಬಾಣಂತನಕ್ಕೆ ಹೋದ ತಾಯಿ ಯುರೋಪನ್ನೂ ನೋಡಿ ಬರಲಿ

ಒಂದು ಕಾಲದಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಮನೆಗಳಲ್ಲಿ 'ಮಗ ಹೊರಗಿದ್ದಾನೆ' ಎಂದರೆ ಹೈದರಾಬಾದ್, ಮುಂಬೈ, ಹೆಚ್ಚೆಂದರೆ ಸೌದಿ ಅಥವಾ ದುಬೈ ಎಂದರ್ಥವಾಗಿತ್ತು. ಈಗ ಅದೇ ಓಣಿಗಳಲ್ಲಿ ಮ್ಯೂನಿಕ್, ಲಂಡನ್, ಪ್ಯಾರಿಸ್ ಎಂಬ ಹೆಸರುಗಳೂ ಕೇಳಿಬರುತ್ತವೆ. ಓದಲು ಹೋದ ಮಗ ಅಲ್ಲೇ ಕೆಲಸಕ್ಕೆ ಸೇರಿದ್ದಾನೆ. ಮದುವೆಯಾಗಿ ಹೋದ ಮಗಳು ಚೊಚ್ಚಲ ಹೆರಿಗೆಗೆ 'ಅಮ್ಮೀ, ನೀವು ಬನ್ನಿ' ಎಂದು ಕರೆಯುತ್ತಾಳೆ. ತಾಯಿ ಮೂರು ತಿಂಗಳಿಗೆಂದು ಹೊರಡುತ್ತಾಳೆ.

ಮೂರು ತಿಂಗಳ ನಂತರ ಮರಳಿದವಳನ್ನು ನೆರೆಹೊರೆಯವರು ಕೇಳುತ್ತಾರೆ: 'ಏನೇನು ನೋಡಿದಿರಿ?' ಅವಳ ಬಳಿ ಹೇಳಲು ಇರುವುದೇನು? ಒಲೆ, ಬಟ್ಟೆ ಒಗೆಯುವ ಯಂತ್ರ, ಮೊಮ್ಮಗುವಿನ ತೊಟ್ಟಿಲು, ಕಿಟಕಿಯಾಚೆಗಿನ ಮಂಜು. ಒಂದು ಭಾನುವಾರ ಮಗ ಕಾರಿನಲ್ಲಿ ಎಲ್ಲಿಗೋ ಕರೆದೊಯ್ದದ್ದು, ಅಲ್ಲಿ ನಿಂತು ತೆಗೆಸಿಕೊಂಡ ನಾಲ್ಕು ಫೋಟೋ. ಆ ಊರಿನ ಹೆಸರೂ ನೆನಪಿಲ್ಲ!

ಮಗಳ ಬಾಣಂತನ ಮಾಡುವುದು, ಮೊಮ್ಮಗುವನ್ನು ಎತ್ತಿ ಆಡಿಸುವುದು ತಾಯಿಗೆ ಭಾರವಲ್ಲ. ಅದು ಅವಳ ಸಂತೋಷ. ಆದರೆ ಅಷ್ಟು ದೂರ ಹೋದ ಹೆಣ್ಣುಮಗಳ ಪಾಲಿಗೆ ಅಡುಗೆಮನೆಯೇ ಇಡೀ ಯುರೋಪಾಗಬೇಕೇ? ಆ ತೊಂಬತ್ತು ದಿನಗಳಲ್ಲಿ ಕೆಲವಾದರೂ ಅವಳದೇ ದಿನಗಳಾಗಬಾರದೇ?

ವಾಡಿಯ ದಾರಿ ಹಳೆಯದು

ನಮ್ಮ ಹೆಣ್ಣುಮಕ್ಕಳಿಗೆ ಇದೆಲ್ಲ ಹೊಸದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. 1906ರಲ್ಲಿ ಅತಿಯಾ ಫೈಝಿ ಎಂಬ ಮುಸ್ಲಿಮ್ ಯುವತಿ ಶಿಕ್ಷಕಿಯ ತರಬೇತಿಗಾಗಿ ಲಂಡನ್‌ಗೆ ಹೋದರು. ವರ್ಷಕ್ಕೂ ಹೆಚ್ಚು ಕಾಲ ಯುರೋಪಿನಲ್ಲಿದ್ದು, ಕಂಡದ್ದನ್ನೆಲ್ಲ ಮನೆಯವರಿಗೆ ಬರೆದು ಕಳಿಸುತ್ತಿದ್ದರು. ಆ ಬರಹಗಳು ಲಾಹೋರಿನ 'ತಹ್‌ಝೀಬೆ ನಿಸ್ವಾನ್' ಎಂಬ ಉರ್ದು ಮಹಿಳಾ ಪತ್ರಿಕೆಯಲ್ಲಿ ಪ್ರಕಟವಾದವು. ಅಂದರೆ ಮನೆಯೊಳಗಿದ್ದ ಸಾವಿರಾರು ಹೆಣ್ಣುಮಕ್ಕಳು ಅವರ ಕಣ್ಣಿನಿಂದ ಲಂಡನ್ ನೋಡಿದರು.

ಇನ್ನೊಬ್ಬರು ನಮಗೆ ಇನ್ನೂ ಹತ್ತಿರದವರು. ಹೈದರಾಬಾದಿನ ಸುಗ್ರಾ ಹುಮಾಯೂನ್ ಮಿರ್ಝಾ 'ಅನ್‌ನಿಸಾ' ಎಂಬ ಮಹಿಳಾ ಪತ್ರಿಕೆಯ ಸಂಪಾದಕಿಯಾಗಿದ್ದವರು. 1924ರಲ್ಲಿ ಯುರೋಪ್ ಪ್ರವಾಸ ಮಾಡಿ ಅದರ ಕುರಿತು ಪುಸ್ತಕ ಬರೆದರು. ಆಗ ಕಲಬುರಗಿ ಸೀಮೆ ನಿಝಾಮರ ಹೈದರಾಬಾದ್ ಸಂಸ್ಥಾನಕ್ಕೇ ಸೇರಿತ್ತು. ಹೈದರಾಬಾದಿನಿಂದ ವಾಡಿಗೆ ರೈಲುದಾರಿ ಬಂದದ್ದು 1874ರಲ್ಲಿ. ಹೈದರಾಬಾದಿನವರು ಮುಂಬೈ ಬಂದರಿಗೆ ಹೋಗಿ ಹಡಗು ಹತ್ತಬೇಕಾದರೆ ಸಾಮಾನ್ಯವಾಗಿ ಹಿಡಿಯುತ್ತಿದ್ದ ದಾರಿ ನಮ್ಮ ವಾಡಿ ಜಂಕ್ಷನ್ನಿನದೇ. ಲಂಡನ್‌ಗೆ ಹೊರಟ ಅದೆಷ್ಟು ಪೆಟ್ಟಿಗೆಗಳು ಆ ಪ್ಲಾಟ್‌ಫಾರ್ಮಿನ ಮೇಲೆ ಹಾದುಹೋಗಿವೆಯೋ!

ಮೊದಲು ಮನೆಯ ಸುತ್ತ ನೋಡಿ

ನೋಡುವುದೂ ಒಂದು ಅಭ್ಯಾಸ. ಅದನ್ನು ಮನೆಯ ಸುತ್ತಮುತ್ತ ಆರಂಭಿಸಬಹುದು. ವೀಸಾ ಬರುವ ತನಕ ಸಿಗುವ ವಾರಗಳಲ್ಲಿ ಮೂರು ಕಡೆ ಹೋಗಿ ಬನ್ನಿ.

ಮೊದಲನೆಯದು ಸೇಡಂ ತಾಲೂಕಿನ ಮಳಖೇಡ. ಕಾಗಿಣಾ ನದಿಯ ದಡದಲ್ಲಿರುವ ಈ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅರಬ್ ವರ್ತಕ ಸುಲೈಮಾನ್‌ನ ಹೆಸರಿನಲ್ಲಿ ಪ್ರಸಿದ್ಧವಾದ 851ರ ವೃತ್ತಾಂತದಲ್ಲಿ ಜಗತ್ತಿನ ನಾಲ್ವರು ಮಹಾರಾಜರ ಹೆಸರುಗಳಿವೆ. ಬಗ್ದಾದಿನ ಖಲೀಫ, ಚೀನಾದ ದೊರೆ ಮತ್ತು ರೂಮ್‌ನ ಚಕ್ರವರ್ತಿಯ ಜೊತೆಗೆ ನಾಲ್ಕನೆಯವನು 'ಬಲ್‌ಹರಾ', ಅಂದರೆ ರಾಷ್ಟ್ರಕೂಟರ ವಲ್ಲಭರಾಜ. ಹತ್ತನೇ ಶತಮಾನದ ಆರಂಭದಲ್ಲಿ ಪಶ್ಚಿಮ ಕರಾವಳಿಗೆ ಬಂದಿದ್ದ ಪ್ರವಾಸಿ ಮಸ್‌ಊದಿ, ಈ ದೊರೆಯ ರಾಜಧಾನಿಯನ್ನು 'ಮಾನ್ಕೀರ್' ಎಂದು ಕರೆದಿದ್ದಾನೆ. ಅವನ ರಾಜ್ಯದಲ್ಲಿ ಮುಸ್ಲಿಮರಿಗೆ ಗೌರವವಿದೆ, ಅವರ ಮಸೀದಿಗಳಿವೆ ಎಂದೂ ಬರೆದಿದ್ದಾನೆ.

ಎರಡನೆಯದು ಚಿತ್ತಾಪುರದ ಪಕ್ಕದ ನಾಗಾವಿ. 1058ರ ಶಾಸನದ ಪ್ರಕಾರ ಅಲ್ಲಿನ ಘಟಿಕಾಸ್ಥಾನದಲ್ಲಿ ವೇದ ಓದುವ 200 ಮತ್ತು ಶಾಸ್ತ್ರ ಓದುವ 52 ವಿದ್ಯಾರ್ಥಿಗಳಿದ್ದರು. ಗ್ರಂಥಭಂಡಾರ ನೋಡಿಕೊಳ್ಳಲು ಆರು ಮಂದಿಯಿದ್ದರು. ಸಾವಿರ ವರ್ಷಗಳ ಹಿಂದೆ ಒಂದು ವಿದ್ಯಾಲಯದ ಪುಸ್ತಕಗಳಿಗೆ ಆರು ಮಂದಿ ಕಾವಲು!

ಮೂರನೆಯದು ಚಿತ್ತಾಪುರ ತಾಲೂಕಿನಲ್ಲೇ ಇರುವ, ಭೀಮಾ ತೀರದ ಸನ್ನತಿ ಮತ್ತು ಕನಗನಹಳ್ಳಿ. ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ಬೌದ್ಧ ಸ್ತೂಪವೊಂದರ ಕೆತ್ತನೆಯ ಫಲಕಗಳು ದೊರೆತವು. ಅದರಲ್ಲೊಂದು ಅಶೋಕ ಚಕ್ರವರ್ತಿಯದು. 'ರಾಯ ಅಸೋಕ' ಎಂದು ಕಲ್ಲಿನ ಮೇಲೆಯೇ ಹೆಸರು ಬರೆದಿದೆ. ಈ ಫಲಕಗಳನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಲಂಡನ್ನಿನಲ್ಲಿ ಇವುಗಳ ನೆನಪು ಬೇಕಾಗುತ್ತದೆ.

ಚಿಂಚೋಳಿಯವರಾದರೆ 2011ರಲ್ಲಿ ವನ್ಯಧಾಮವೆಂದು ಘೋಷಿತವಾದ ಕಾಡಿನ ಕಡೆಗೂ, ಚಂದ್ರಂಪಳ್ಳಿ ಜಲಾಶಯದ ಕಡೆಗೂ ಒಂದು ಸುತ್ತು ಹಾಕಿ. ಯುರೋಪಿನಲ್ಲಿ ಕಾಲ್ನಡಿಗೆಯೇ ಹೆಚ್ಚು, ಮೊಣಕಾಲಿಗೂ ಅಭ್ಯಾಸವಾಗುತ್ತದೆ.

ದಿನಗಳ ಲೆಕ್ಕ

ಜರ್ಮನಿ, ಫ್ರಾನ್ಸ್, ಇಟಲಿ, ಸ್ಪೇನ್, ನೆದರ್‌ಲ್ಯಾಂಡ್ಸ್ ಸೇರಿದಂತೆ 29 ದೇಶಗಳು ಷೆಂಗೆನ್ ಒಪ್ಪಂದದಲ್ಲಿವೆ. ಅಲ್ಪಾವಧಿಯ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ ಗರಿಷ್ಠ 90 ದಿನ ಮಾತ್ರ ಅಲ್ಲಿರಬಹುದು. ಎಲ್ಲ ದೇಶಗಳಿಗೂ ಸೇರಿಯೇ ಈ ಲೆಕ್ಕ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು, ಭಾವಚಿತ್ರ ಪಡೆದು ದಿನಗಳನ್ನು ಗಣಕಯಂತ್ರವೇ ಎಣಿಸುವ ವ್ಯವಸ್ಥೆ ಆರಂಭವಾಗಿದೆ. ಆದ್ದರಿಂದ 'ಎರಡು ದಿನ ಹೆಚ್ಚಾದರೆ ಏನಾದೀತು' ಎಂಬ ಮಾತು ಬೇಡ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಬ್ರಿಟನ್ ಮತ್ತು ಐರ್ಲೆಂಡ್ ಈ ಒಪ್ಪಂದದಲ್ಲಿಲ್ಲ; ಅವುಗಳಿಗೆ ಬೇರೆ ವೀಸಾ ಬೇಕು. ಬ್ರಿಟನ್ನಿನ ಸಂದರ್ಶಕ ವೀಸಾದಲ್ಲಿ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಬಹುದು.

ಪೆಟ್ಟಿಗೆ ಕಟ್ಟುವಾಗ ಇನ್ನೊಂದು ಎಚ್ಚರ. ಹೊರದೇಶದಿಂದ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಯುರೋಪ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಮಗಳಿಗೆಂದು ಅಕ್ಕರೆಯಿಂದ ಕಾಯಿಸಿದ ತುಪ್ಪ, ಖೋವಾದ ಮಿಠಾಯಿ, ಒಣಗಿಸಿದ ಮಾಂಸ ವಿಮಾನ ನಿಲ್ದಾಣದ ಕಸದ ಡಬ್ಬಿ ಸೇರುವುದು ಬೇಡ.

ಯಾವ ಊರಿನಲ್ಲಿ ಏನು?

ಮಕ್ಕಳು ಲಂಡನ್ನಿನಲ್ಲಿದ್ದರೆ ನೀವು ಅದೃಷ್ಟವಂತರು. ಅಲ್ಲಿನ ಬ್ರಿಟಿಷ್ ಮ್ಯೂಸಿಯಂಗೆ ಪ್ರವೇಶ ಉಚಿತ. ಅಲ್ಲಿ ಆಂಧ್ರದ ಅಮರಾವತಿ ಸ್ತೂಪದ ಶಿಲ್ಪಗಳಿಗಾಗಿಯೇ ಗಾಜಿನ ಗೋಡೆಯ ಪ್ರತ್ಯೇಕ ಕೋಣೆಯಿದೆ. ಅವುಗಳ ಮುಂದೆ ನಿಂತಾಗ ಕನಗನಹಳ್ಳಿ ನೆನಪಾಗದೆ ಇರದು. ಅದೇ ಬಗೆಯ ಸುಣ್ಣದ ಕಲ್ಲು, ಅದೇ ಬಗೆಯ ಕೆತ್ತನೆ. ಅಲ್ಲಿನವು ಗಾಜಿನ ಹಿಂದೆ ಜೋಪಾನವಾಗಿವೆ. ನಮ್ಮವು ಉತ್ಖನನದ ನಂತರ ಸುಮಾರು ಎರಡು ದಶಕ ಬಯಲಿನಲ್ಲಿ, ಶೆಡ್ಡಿನ ಕೆಳಗೆ ಬಿದ್ದಿದ್ದವು. ಪುರಾತತ್ವ ಇಲಾಖೆ ಸಂರಕ್ಷಣೆಯ ಕೆಲಸ ಕೈಗೆತ್ತಿಕೊಂಡದ್ದು 2022ರ ವೇಳೆಗೆ. ಯಾವುದನ್ನು ಹೇಗೆ ಕಾಪಾಡಬೇಕೆಂಬುದನ್ನು ಆ ಗಾಜಿನ ಕೋಣೆಯಲ್ಲಿ ಅರ್ಧ ಗಂಟೆ ನಿಂತರೆ ಯಾರೂ ಹೇಳಿಕೊಡದೆಯೇ ತಿಳಿಯುತ್ತದೆ.

ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂಗೂ ಪ್ರವೇಶ ಉಚಿತ. ಇಂಗ್ಲಿಷ್ ಸಿಪಾಯಿಯನ್ನು ಕೆಡವಿ ನಿಂತ ಟಿಪ್ಪು ಸುಲ್ತಾನರ ಮರದ ಹುಲಿ ಇರುವುದು ಅಲ್ಲೇ. ಹದಿನಾರನೇ ಶತಮಾನದ ಇರಾನಿನ ಅರ್ದಬೀಲ್ ಜಮಖಾನವೂ ಅಲ್ಲಿದೆ. ಬಣ್ಣ ಮಾಸಬಾರದೆಂದು ಅದರ ದೀಪವನ್ನು ಅರ್ಧ ಗಂಟೆಗೊಮ್ಮೆ ಸ್ವಲ್ಪ ಹೊತ್ತು ಮಾತ್ರ ಬೆಳಗಿಸುತ್ತಾರೆ. ಲಂಡನ್ನಿನಿಂದ ರೈಲಿನಲ್ಲಿ ಅರ್ಧ ಗಂಟೆಯ ದೂರದ ವೋಕಿಂಗ್‌ನಲ್ಲಿ 1889ರಲ್ಲಿ ಕಟ್ಟಿದ ಶಾಹಜಹಾನ್ ಮಸೀದಿಯಿದೆ. ಬ್ರಿಟನ್ನಿನಲ್ಲಿ ಮಸೀದಿಯೆಂದೇ ಕಟ್ಟಿದ ಮೊದಲ ಕಟ್ಟಡವದು. ಅದಕ್ಕೆ ಹಣ ನೀಡಿದವರಲ್ಲಿ ಪ್ರಮುಖರು ಒಬ್ಬ ಭಾರತೀಯ ಮಹಿಳೆ, ಭೋಪಾಲವನ್ನು ಆಳಿದ ಶಾಹಜಹಾನ್ ಬೇಗಂ.

ವಾಡಿಯವರು ಸೇಂಟ್ ಪಾಲ್ಸ್ ಚರ್ಚಿನ ಬಿಳಿಗಲ್ಲನ್ನು ಒಮ್ಮೆ ಹೊರಗಿನಿಂದಲಾದರೂ ನೋಡಿ ಬನ್ನಿ. ಅದು ಪೋರ್ಟ್‌ಲ್ಯಾಂಡ್ ಎಂಬ ಊರಿನ ಕಲ್ಲು. 1824ರಲ್ಲಿ ಸಿಮೆಂಟಿಗೆ ಪೇಟೆಂಟ್ ಪಡೆದ ಜೋಸೆಫ್ ಆಸ್ಪ್‌ಡಿನ್, ಅದು ಗಟ್ಟಿಯಾದ ಮೇಲೆ ಆ ಕಲ್ಲಿನಂತೆ ಕಾಣುತ್ತದೆಂದು 'ಪೋರ್ಟ್‌ಲ್ಯಾಂಡ್ ಸಿಮೆಂಟ್' ಎಂದು ಹೆಸರಿಟ್ಟ. ನಮ್ಮೂರಿನ ಸಿಮೆಂಟ್ ಚೀಲದ ಮೇಲೆ ನೀವು ದಿನವೂ ಕಾಣುವ ಪದ ಅದೇ!

ಶಹಾಬಾದಿನವರಿಗೆ ಜರ್ಮನಿಯಲ್ಲಿ ಒಂದು ನಂಟಿದೆ. ಮ್ಯೂನಿಕ್ ಮತ್ತು ನ್ಯೂರೆಂಬರ್ಗ್ ನಡುವಿನ ಸೋಲ್ನ್‌ಹೋಫೆನ್ ಎಂಬಲ್ಲಿ ಶಹಾಬಾದ್ ಫರಸಿಯಂತೆಯೇ ಪದರ ಪದರವಾಗಿ ಏಳುವ ಸುಣ್ಣದ ಕಲ್ಲು ಸಿಗುತ್ತದೆ. ಅಲ್ಲಿಯೂ ಅದನ್ನು ನೆಲಕ್ಕೆ ಹಾಸುತ್ತಾರೆ. 1796ರ ಸುಮಾರಿಗೆ ಅಲೋಯ್ಸ್ ಸೆನೆಫೆಲ್ಡರ್ ಅಂಥ ಕಲ್ಲಿನ ಮೇಲೆ ಬರೆದು ಮುದ್ರಿಸುವ ಕಲ್ಲಚ್ಚಿನ ವಿದ್ಯೆ ಕಂಡುಹಿಡಿದ. ನಮ್ಮ ಅಜ್ಜಂದಿರು ಓದಿದ ಎಷ್ಟೋ ಉರ್ದು ಪುಸ್ತಕಗಳು ಅಚ್ಚಾದದ್ದು ಆ ವಿದ್ಯೆಯಿಂದಲೇ. 1843ರಲ್ಲಿ ಮಂಗಳೂರಿನಲ್ಲಿ ಹೊರಟ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವೂ ಕಲ್ಲಚ್ಚಿನದೇ.

ಪ್ಯಾರಿಸ್‌ಗೆ ಹೋದರೆ 1926ರಲ್ಲಿ ಉದ್ಘಾಟನೆಯಾದ ದೊಡ್ಡ ಮಸೀದಿಯನ್ನು ನೋಡಿ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಮಡಿದ ಮುಸ್ಲಿಮ್ ಸೈನಿಕರ ನೆನಪು ಅದರೊಂದಿಗಿದೆ. ಲೂವ್ರ್ ಮ್ಯೂಸಿಯಂನಲ್ಲಿ 2012ರಲ್ಲಿ ತೆರೆದ ಇಸ್ಲಾಮೀ ಕಲೆಯ ವಿಭಾಗಕ್ಕೇ ಅರ್ಧ ದಿನ ಬೇಕು.

ಒಂದೇ ದೂರದ ಪ್ರವಾಸಕ್ಕೆ ಅವಕಾಶವಿದ್ದರೆ ಸ್ಪೇನನ್ನು ಆರಿಸಿಕೊಳ್ಳಿ. ಕೊರ್ಡೋವಾದ ಮಹಾ ಮಸೀದಿಯ ಕಾಮಗಾರಿ ಆರಂಭವಾದದ್ದು 785ರ ಸುಮಾರಿಗೆ. ಒಂಬತ್ತನೇ ಶತಮಾನದಲ್ಲಿ ಎರಡನೇ ಅಬ್ದುರ್ರಹ್ಮಾನ್ ಅದನ್ನು ವಿಸ್ತರಿಸುತ್ತಿದ್ದಾಗ ಮಳಖೇಡದಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ. ಒಂದೇ ಕಾಲದ ಎರಡು ರಾಜಧಾನಿಗಳು! ಒಂದರಲ್ಲಿ ಎಂಟುನೂರಕ್ಕೂ ಹೆಚ್ಚು ಕಂಬಗಳು ಇಂದಿಗೂ ನಿಂತಿವೆ. ಇನ್ನೊಂದರಲ್ಲಿ ನದಿಯ ದಡದ ಕೋಟೆಗೋಡೆಯನ್ನು ಕಂಡು ಉಳಿದುದನ್ನು ಊಹಿಸಿಕೊಳ್ಳಬೇಕು. ಆ ಮಸೀದಿ 1236ರಲ್ಲಿ ಚರ್ಚ್ ಆಯಿತು. ಒಳಗೆ ನಮಾಝ್ ಮಾಡಲು ಅನುಮತಿಯಿಲ್ಲ ಎಂಬುದನ್ನು ಮೊದಲೇ ತಿಳಿದಿದ್ದರೆ ಮುಜುಗರವಾಗದು. ಗ್ರನಡಾದ ಅಲ್‌ಹಂಬ್ರಾ ಅರಮನೆಯ ಗೋಡೆಗಳ ತುಂಬ 'ಅಲ್ಲಾಹನ ಹೊರತು ವಿಜಯಿ ಬೇರಿಲ್ಲ' ಎಂಬರ್ಥದ ಅರಬಿ ಸಾಲು ಮತ್ತೆ ಮತ್ತೆ ಕಾಣುತ್ತದೆ. ಹಾಗೆ ಬರೆಸಿದ ವಂಶದ ಆಳ್ವಿಕೆ 1492ರಲ್ಲಿ ಮುಗಿಯಿತು. ಅಲ್‌ಹಂಬ್ರಾ ಟಿಕೆಟನ್ನು ಮುಂಗಡವಾಗಿ ಕಾದಿರಿಸಿ, ಪಾಸ್‌ಪೋರ್ಟ್ ಜೊತೆಗಿರಲಿ. ಎದುರಿನ ಗುಡ್ಡದ ಮೇಲೆ 2003ರಲ್ಲಿ ತೆರೆದ ಮಸೀದಿಯಿದೆ. ನಮಾಝನ್ನು ಅಲ್ಲಿ ನಿರ್ವಹಿಸಬಹುದು.

ಒಬ್ಬರೇ ಹೊರಡಲು ಅಂಜಿಕೆಯೇ?

ಭಾಷೆ ಬಾರದು, ದಾರಿ ತಪ್ಪಿದರೆ ಎಂಬ ಅಂಜಿಕೆ ಸಹಜ. ಮೊದಲ ವಾರ ಮಗುವಿನ ತಳ್ಳುಗಾಡಿ ಹಿಡಿದು ಮನೆಯ ಹತ್ತಿರದ ಉದ್ಯಾನಕ್ಕೆ ಹೋಗಿ ಬನ್ನಿ. ಎರಡನೇ ವಾರ ಟ್ರಾಮ್ ಅಥವಾ ಬಸ್ಸಿನಲ್ಲಿ ಎರಡು ನಿಲ್ದಾಣ. ತಳ್ಳುಗಾಡಿಯನ್ನು ನೇರ ಒಳಗೆ ಒಯ್ಯುವಂತೆ ಹೆಚ್ಚಿನ ಬಸ್ಸುಗಳ ನೆಲ ತಗ್ಗಾಗಿರುತ್ತದೆ. ಹಲವು ಊರುಗಳಲ್ಲಿ ಕಾಗದದ ಟಿಕೆಟ್ ಕೊಂಡರೆ ಸಾಲದು, ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು, ಇಲ್ಲವಾದರೆ ದಂಡ. ಮನೆಯ ವಿಳಾಸ ಬರೆದ ಚೀಟಿ ಪರ್ಸಿನಲ್ಲಿರಲಿ. ಅಪಾಯದಲ್ಲಿ 112ಕ್ಕೆ ಕರೆ ಮಾಡಿ. ನಮ್ಮ ದೇಶದಲ್ಲೂ ಅದೇ ಸಂಖ್ಯೆ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ ಎಂಬುದೂ ನೆನಪಿರಲಿ.

ನಮಾಝಿನ ಸಮಯವೂ ನಮ್ಮೂರಿನಂತಲ್ಲ. ಲಂಡನ್ನಿನಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತು ದಾಟಿರುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕಕ್ಕೇ ಕತ್ತಲು. ತಿರುಗಾಟದ ದಿನದ ಲೆಕ್ಕವನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಮಕ್ಕಳಿಗೆ ಒಂದು ಮಾತು

ವಿದೇಶದಲ್ಲಿರುವ ಮಗ, ಮಗಳು, ಸೊಸೆ, ಅಳಿಯಂದಿರೇ, ತಾಯಿಯ ಟಿಕೆಟ್ ತೆಗೆಸುವ ದಿನವೇ ಅವರ ರಜೆಯನ್ನೂ ಬರೆದಿಡಿ. ವಾರಕ್ಕೆ ಒಂದು ದಿನ ಮಗುವಿನ ಮತ್ತು ಅಡುಗೆಯ ಜವಾಬ್ದಾರಿ ನಿಮ್ಮದಾಗಲಿ. ತಾಯಿ 'ನನಗೇಕೆ ಬೇಕಪ್ಪ ಇದೆಲ್ಲ' ಎನ್ನುತ್ತಾರೆ. ಆ ಮಾತನ್ನು ಸುಲಭವಾಗಿ ನಂಬಬೇಡಿ. ಜೀವನವಿಡೀ ತನ್ನ ಆಸೆಯನ್ನು ಕೊನೆಗೆ ಇಟ್ಟವರು ಕೇಳಿದೊಡನೆ ಹೌದು ಎನ್ನುವುದಿಲ್ಲ. ಎರಡನೇ ಸಲ ಕೇಳಿ. ಮೊಣಕಾಲು ನೋವಿದ್ದರೆ ಒಂದೇ ಜಾಗಕ್ಕೆ ಕರೆದೊಯ್ಯಿರಿ. ದಿನಕ್ಕೆ ಐದು ಜಾಗ ತೋರಿಸಿ ದಣಿಸಬೇಡಿ.

ಸಹೋದರಿಯರೇ, ನಿಮಗೂ ಒಂದು ಮಾತು. ಹೊರಡುವಾಗ ಪೆಟ್ಟಿಗೆಯಲ್ಲಿ ಒಂದು ನೂರು ಪುಟದ ನೋಟುಪುಸ್ತಕ ಇಟ್ಟುಕೊಳ್ಳಿ. ಕನ್ನಡವೋ ಉರ್ದುವೋ, ಬಂದ ಭಾಷೆಯಲ್ಲಿ ದಿನಕ್ಕೆ ನಾಲ್ಕು ಸಾಲು ಬರೆಯಿರಿ. ಊರಿನ ಹೆಸರು, ತಿಂದ ರೊಟ್ಟಿಯ ರುಚಿ, ಮಾತಾಡಿಸಿದ ಹೆಂಗಸಿನ ನಗು, ಬಸ್ಸಿನ ಸಂಖ್ಯೆ, ಏನಾದರೂ ಸರಿ. ನೂರು ವರ್ಷಗಳ ಹಿಂದೆ ಅತಿಯಾ ಮತ್ತು ಸುಗ್ರಾ ಬರೆದಿಟ್ಟ ಕಾರಣಕ್ಕೇ ಅವರ ಪ್ರಯಾಣ ಇಂದು ನಮಗೆ ತಿಳಿದಿದೆ. ಮರಳಿ ಬಂದ ಮೇಲೆ ಆ ಪುಸ್ತಕವನ್ನು ಓಣಿಯ ಹೆಣ್ಣುಮಕ್ಕಳ ಮುಂದೆ ಓದಿ ಹೇಳಿ. ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳು ಊರಿಗೆ ಬಂದಾಗ ಅವರನ್ನು ಕನಗನಹಳ್ಳಿಗೂ ಮಳಖೇಡಕ್ಕೂ ಕರೆದೊಯ್ಯಿರಿ. ಅವರ ಊರನ್ನು ನೀವು ನೋಡಿದಿರಿ. ನಿಮ್ಮೂರನ್ನು ಅವರೂ ನೋಡಲಿ.