ಅಣಬೆಗೆ ಹತ್ತಿರದ ನಂಟು ಯಾರು?

ತರಕಾರಿ ಅಂಗಡಿಯಲ್ಲಿ ಬೀನ್ಸ್, ಕೋಸಿನ ಪಕ್ಕದಲ್ಲೇ ಇಟ್ಟಿರುವುದರಿಂದ ಚಿಪ್ಪಣಬೆಯನ್ನು ಗಿಡಗಳ ಸಾಲಿಗೆ ಸೇರಿಸುವುದು ನಮಗೆ ರೂಢಿ. ಆದರೆ ವಂಶದ ಲೆಕ್ಕ ಹಿಡಿದರೆ ಅದಕ್ಕೆ ಹಿಪ್ಪುನೇರಳೆ ಗಿಡಕ್ಕಿಂತ, ಆ ಸೊಪ್ಪು ತಿಂದು ಬೆಳೆಯುವ ರೇಷ್ಮೆ ಪತಂಗವೇ ಹತ್ತಿರದ ನಂಟು. ಹಿಪ್ಪುನೇರಳೆ ಬಿಸಿಲಿನ ಬಲದಿಂದ ತನ್ನ ಆಹಾರ ತಾನೇ ಮಾಡಿಕೊಳ್ಳುತ್ತದೆ. ಇವೆರಡಕ್ಕೂ ಆ ಶಕ್ತಿಯಿಲ್ಲ. ರೇಷ್ಮೆಹುಳು ಸೊಪ್ಪು ನುಂಗಿ ಹೊಟ್ಟೆಯಲ್ಲಿ ಅರಗಿಸುತ್ತದೆ. ಚಿಪ್ಪಣಬೆಯ ಬಿಳಿ ಎಳೆಗಳು ಭತ್ತದ ಹುಲ್ಲಿನೊಳಗೆ ಹಬ್ಬಿ, ಕಿಣ್ವ ಸುರಿಸಿ, ಹುಲ್ಲನ್ನು ಹೊರಗೇ ಕರಗಿಸಿ ಹೀರುತ್ತವೆ. ಗಿಡ ಪಿಷ್ಟವನ್ನು ಕೂಡಿಟ್ಟರೆ ಇವು ಗ್ಲೈಕೋಜನ್ ಕೂಡಿಡುತ್ತವೆ. ಒಂದೊಂದು ಜ್ವರಕ್ಕೂ, ಅಂದರೆ ಪೊರೆ ಬಿಡುವ ಹಂತಕ್ಕೂ, ಹುಳು ಕಳಚುವ ಪೊರೆಯಲ್ಲಿರುವ ಕೈಟಿನ್ ಎಂಬ ವಸ್ತುವೇ ಅಣಬೆಯ ಜೀವಕೋಶದ ಗೋಡೆಯಲ್ಲೂ ಇದೆ. ಗಿಡದ ಗೋಡೆ ಸೆಲ್ಯುಲೋಸಿನದು.

ಹೋಲಿಕೆಯಿದ್ದ ಮಾತ್ರಕ್ಕೆ ನೆಂಟಸ್ತನವಾಗದು ಎಂಬ ಆಕ್ಷೇಪ ಸರಿಯಾದದ್ದೇ. ಬಾವಲಿಗೂ ಹಕ್ಕಿಗೂ ರೆಕ್ಕೆಯಿದೆ. ಗೂಡಿನಿಂದ ಹೊರಬಂದ ಪತಂಗ ಏನೂ ತಿನ್ನದೆ, ಕೂಡಿ, ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಅಣಬೆಯೂ ಬೀಜಾಣು ಚೆಲ್ಲಿ ಬೇಗನೆ ಕೊಳೆಯುತ್ತದೆ. ಮನಸೆಳೆಯುವ ಸಾಮ್ಯವೇನೋ ಹೌದು, ಆದರೆ ಇದನ್ನು ಸಾಕ್ಷ್ಯವೆನ್ನಲಾರೆ: ಪತಂಗ ಇಡೀ ಜೀವಿ, ಅಣಬೆಯಾದರೋ ಹುಲ್ಲಿನೊಳಗೆ ಹಬ್ಬಿದ ಜೀವಿಯ ಒಂದು ಅಂಗ ಮಾತ್ರ. ನಿಜವಾದ ಸಾಕ್ಷ್ಯ ಸಿಕ್ಕಿದ್ದು ಪ್ರೋಟೀನುಗಳಲ್ಲಿ. 1993ರಲ್ಲಿ ಸಾಂಡ್ರಾ ಬಾಲ್ಡಾಫ್ ಮತ್ತು ಜೆಫ್ರಿ ಪಾಮರ್ ಹಲವು ಪ್ರೋಟೀನುಗಳನ್ನು ಹೋಲಿಸಿ ನೋಡಿದರು. ಜೀವಕೋಶಗಳಿಗೆ ಅತ್ಯಗತ್ಯವಾದ ಒಂದು ಪ್ರೋಟೀನಿನಲ್ಲಿ ಸುಮಾರು 12 ಅಮೈನೋ ಆಮ್ಲಗಳ ಒಂದು ತುಂಡು ಪ್ರಾಣಿಗಳಲ್ಲೂ ಅಣಬೆಯ ಕುಲವಾದ ಶಿಲೀಂಧ್ರಗಳಲ್ಲೂ ಒಂದೇ ಜಾಗದಲ್ಲಿತ್ತು, ಗಿಡಗಳಲ್ಲಿ ಇರಲಿಲ್ಲ. ಬದುಕಿನ ರೀತಿ ಒಂದೇ ಆದುದರಿಂದ ಇಂಥ ತುಂಡು ಬೇರೆಬೇರೆಯಾಗಿ ಹುಟ್ಟಿತೆಂದು ವಾದಿಸುವುದು ಕಷ್ಟ. ಮುಂದೆ ನಡೆದ ಇನ್ನೂ ದೊಡ್ಡ ವಂಶವಾಹಿ ಅಧ್ಯಯನಗಳೂ ಇದೇ ನಂಟನ್ನು ಗಟ್ಟಿಗೊಳಿಸಿದವು.

ಹಾಗಾದರೆ ಅಣಬೆ ತಿನ್ನುವುದು ಮಾಂಸಾಹಾರವೇ ಎಂದು ಕೇಳುವವರಿದ್ದಾರೆ. ಅಲ್ಲ. ಎರಡು ಕವಲು ಬೇರೆಯಾಗಿ ಸುಮಾರು ನೂರು ಕೋಟಿ ವರ್ಷಗಳೇ ಕಳೆದಿವೆ. ಅಣಬೆಗೆ ನರವಿಲ್ಲ, ಸ್ನಾಯುವಿಲ್ಲ, ರಕ್ತವಿಲ್ಲ. ನಂಟು ಹತ್ತಿರದ್ದೆಂದರೆ ಗಿಡದ ನಂಟಿಗಿಂತ ಹತ್ತಿರದ್ದು ಎಂದಷ್ಟೇ ಅರ್ಥ. ಇಷ್ಟು ಹಳೆಯ ಸಂಬಂಧದಿಂದ ನಮಗೇನು ಎನ್ನುವವರು ವೈದ್ಯರನ್ನು ಕೇಳಬೇಕು. ಬ್ಯಾಕ್ಟೀರಿಯಾದ ಜೀವಕೋಶ ನಮ್ಮದಕ್ಕಿಂತ ತೀರ ಬೇರೆಯಾದುದರಿಂದ ಅದನ್ನಷ್ಟೇ ಕೊಲ್ಲುವ ಔಷಧಗಳು ಹಲವು ಸಿಕ್ಕಿವೆ. ಶಿಲೀಂಧ್ರದ ಜೀವಕೋಶ ನಮ್ಮದಕ್ಕೆ ಹತ್ತಿರವಿರುವುದರಿಂದ ಅದಕ್ಕೆ ಬಿದ್ದ ಪೆಟ್ಟು ರೋಗಿಗೂ ತಗಲುವ ಭಯವಿದೆ. ಅದಕ್ಕೇ ಈಗಿನ ಬಹುಪಾಲು ಶಿಲೀಂಧ್ರನಾಶಕ ಔಷಧಗಳು ಉಳಿದಿರುವ ಒಂದು ಸಣ್ಣ ವ್ಯತ್ಯಾಸವನ್ನು ಹಿಡಿದು ಕೆಲಸ ಮಾಡುತ್ತವೆ: ನಮ್ಮ ಜೀವಕೋಶದ ಪೊರೆಯಲ್ಲಿ ಕೊಲೆಸ್ಟೆರಾಲ್ ಇರುವ ಕಡೆ ಶಿಲೀಂಧ್ರಗಳಲ್ಲಿ ಎರ್ಗೋಸ್ಟೆರಾಲ್ ಇದೆ.