ಕತ್ತಿಗೆ ಸಾಣೆ ಹಿಡಿದ ಕೈ ತಂಬೂರಿ ಕಟ್ಟಿತು

ಶ್ರಾವಣ ಬಂತೆಂದರೆ ಕಾಳಗಿ, ಸೇಡಂ, ಚಿತ್ತಾಪುರ ಸೀಮೆಯ ಗುಡಿ-ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ಪುರಾಣ ಅಂದಮೇಲೆ ಪೇಟಿ, ತಬಲಾ ಬೇಕೇ ಬೇಕು. ವರ್ಷವಿಡೀ ಮೂಲೆ ಸೇರಿದ್ದ ಪೇಟಿಯನ್ನು ಇಳಿಸಿ ನೋಡಿದರೆ ಒಂದು ಸ್ವರ ಏಳುವುದಿಲ್ಲ, ಇನ್ನೊಂದು ನಿಲ್ಲುವುದೇ ಇಲ್ಲ. ಯಾರೋ ಒಬ್ಬರು ಅದನ್ನು ಹಳೆಯ ಚಾದರದಲ್ಲಿ ಕಟ್ಟಿಕೊಂಡು ಕಲಬುರಗಿಗೋ ಸೋಲಾಪುರಕ್ಕೋ ಬಸ್ಸು ಹತ್ತುತ್ತಾರೆ. ವಾದ್ಯದಂಗಡಿಯವನ ನೆನಪಾಗುವುದು ಆಗಲೇ. ಹಾಡಿದವರ ಹೆಸರು ಕರಪತ್ರದಲ್ಲಿರುತ್ತದೆ, ಪುರಾಣ ಹೇಳಿದವರಿಗೆ ಶಾಲು ಬೀಳುತ್ತದೆ. ಸ್ವರ ಕೂಡಿಸಿ ಕೊಟ್ಟವನನ್ನು ಕರೆದು ಕೂರಿಸಿದ್ದನ್ನು ನಾನಂತೂ ಕಂಡಿಲ್ಲ. ಅಂಥವರ ಪೈಕಿ ಕಾಲ ಅಳಿಸಲಾರದ ಒಂದು ಹೆಸರು ಮಿರಜಿನ ಫರೀದಸಾಹೇಬರದು.

ಮಿರಜ ಇರುವುದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ. ಆದರೆ ಅಲ್ಲಿನ ಪೇಟೆಯಲ್ಲಿ ಕನ್ನಡ ಪರಕೀಯವಲ್ಲ. ಫರೀದಸಾಹೇಬರದು ಶಿಕಲಗಾರರ ಮನೆತನ. ಕತ್ತಿ, ಭರ್ಚಿಗಳಿಗೆ ಸಾಣೆ ಹಿಡಿಯುವುದು ಕುಲಕಸುಬು. ಬ್ರಿಟಿಷರ ಆಳಿಕೆ ಬಲವಾದಂತೆ ಸಂಸ್ಥಾನಗಳ ಆಯುಧಗಳಿಗೆ ಕೆಲಸ ಕಡಿಮೆಯಾಯಿತು, ಸಾಣೆ ಹಿಡಿಯುವವರ ಹೊಟ್ಟೆಗೂ ಕುತ್ತು ಬಂತು. ಮಿರಜಿನ ಪಟವರ್ಧನ ಸಂಸ್ಥಾನಿಕರಿಗೆ ಸಂಗೀತದ ಹುಚ್ಚು. ಊರಿಗೆ ಬರುವ ಗವಾಯಿಗಳ ತಂತಿವಾದ್ಯ ಕೆಟ್ಟರೆ ದೂರದ ಊರಿಗೆ ಕಳಿಸಬೇಕಿತ್ತು. ಆ ದುರಸ್ತಿಯನ್ನು ಫರೀದಸಾಹೇಬರೂ ಅವರ ಜೊತೆಗಾರ ಮೊಯಿನುದ್ದೀನರೂ ಕೈಗೆತ್ತಿಕೊಂಡರೆಂದು ಮಿರಜಿನವರು ಹೇಳುತ್ತಾರೆ. 1850ರ ಆಸುಪಾಸಿನ ಮಾತು. ಬಿಚ್ಚಿ ನೋಡಿ, ರಿಪೇರಿ ಮಾಡಿ, ಕಡೆಗೆ ತಾವೇ ಹೊಸದನ್ನು ಕಟ್ಟಿದರು. ಶಿಕಲಗಾರರ ಅಡ್ಡಹೆಸರು ಸಿತಾರಮೇಕರ್ ಎಂದಾಯಿತು.

ತಂಬೂರಿಯ ಬುರುಡೆ ಬರುವುದು ಪಂಢರಪುರ, ಮಂಗಳವೇಢೆ ಕಡೆಯ ಹೊಲಗಳಿಂದ. ಅದು ಭೀಮಾ ನದಿಯ ಸೀಮೆ; ಅದೇ ಭೀಮೆ ಮುಂದೆ ಹರಿದುಬಂದು ಶಹಾಬಾದ ಹತ್ತಿರ ನಮ್ಮ ಕಾಗಿಣೆಯನ್ನು ಕೂಡಿಸಿಕೊಳ್ಳುತ್ತಾಳೆ. ಬಲಿತ ಕುಂಬಳವನ್ನು ಒಣಗಿಸಿ, ನೆನೆಹಾಕಿ, ಕೊಯ್ದು, ಒಳಗಿನ ಬೀಜ-ತಿರುಳು ತೆಗೆಯುತ್ತಾರೆ. ಕೊರಳಿಗೆ ತೂನ್ ಮರ. ಮೇಲೆ ಅರಗಿನ ಹೊಳಪು. ಇಷ್ಟು ಕೆಲಸವನ್ನು ಒಳ್ಳೆಯ ಬಡಿಗನೂ ಕಲಿತಾನು. ಆದರೆ ತಂತಿ ಕೂಡುವ ಘೋಡಿಯ ಮೇಲ್ಮೈಯನ್ನು ಕೂದಲೆಳೆಯಷ್ಟು ಉಜ್ಜುತ್ತ, ತಂತಿಯಡಿ ಒಂದು ನೂಲೆಳೆ ಸರಿಸುತ್ತ, ಮೀಟಿದ ಸ್ವರ ಗುಂಯ್ ಎಂದು ಬಿಚ್ಚಿಕೊಳ್ಳುವ ತನಕ ಕೂರಬೇಕಲ್ಲ, ಅದು ಕಿವಿಯ ಕೆಲಸ. ಅದನ್ನೇ ಜವಾರಿ ತೆಗೆಯುವುದು ಎನ್ನುತ್ತಾರೆ. ಒಂದು ಉಜ್ಜು ಹೆಚ್ಚಾದರೆ ತಂತಿ ಬರೀ ಝರ್ ಎನ್ನುತ್ತದೆ, ಕಡಿಮೆಯಾದರೆ ಮೂಕ. ಅಲಗಿನ ಅಂಚನ್ನು ಬೆರಳಲ್ಲೇ ಅರಿಯುತ್ತಿದ್ದ ಶಿಕಲಗಾರನಿಗೆ ಈ ಕೆಲಸ ಒಲಿದದ್ದರಲ್ಲಿ ನನಗೆ ಆಶ್ಚರ್ಯವೇನೂ ಕಾಣುವುದಿಲ್ಲ.

ಗಿರಾಕಿಗಳೂ ಅಂಥವರೇ ಇದ್ದರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮಿರಜಿನಲ್ಲಿ ನೆಲೆ ನಿಂತವರು. ವಾದ್ಯ ಕೆಟ್ಟರೆ ತಾವೇ ಹತ್ಯಾರ ಹಿಡಿದು ಕೂರುವಷ್ಟು ಬಲ್ಲವರು. ಅಂಥವರ ಕಿವಿಯನ್ನು ಒಪ್ಪಿಸುವುದೆಂದರೆ ಅಂಗಡಿಯವನಿಗೆ ಪರೀಕ್ಷೆಯೇ. 1937ರಲ್ಲಿ ಅವರು ತೀರಿಕೊಂಡದ್ದು ದೂರದ ತಮಿಳು ನಾಡಿನಲ್ಲಿ, ಮಣ್ಣಾದದ್ದು ಮಿರಜಿನ ಮೀರಾಸಾಹೇಬ ದರ್ಗಾದ ಬಳಿ. ಮಲ್ಲಿಕಾರ್ಜುನ ಮನಸೂರರೂ ಪಂಚಾಕ್ಷರ ಗವಾಯಿಗಳೂ ಕಲಿತದ್ದು ಮಿರಜಿನ ನೀಲಕಂಠಬುವಾ ಅವರಲ್ಲಿ. ಆ ಗವಾಯಿಗಳ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಹುಡುಗರು ಇವತ್ತಿಗೂ ನಮ್ಮ ಕಡೆಯ ಪುರಾಣಗಳಲ್ಲಿ ಪೇಟಿ ಹಿಡಿದು ಕೂರುತ್ತಾರೆ. ಹೀಗೆ ನೋಡಿದರೆ ಕಾಳಗಿಯಿಂದ ಮಿರಜ ಅಷ್ಟೇನೂ ದೂರವಿಲ್ಲ.

ಈಗ ಮಿರಜಿನ ಸಿತಾರಮೇಕರ್ ಗಲ್ಲಿಯಲ್ಲಿ ಆ ಮನೆತನದ ಮುಂದಿನ ತಲೆಮಾರುಗಳ ಅಂಗಡಿಗಳಿವೆ. 2024ರಲ್ಲಿ ಮಿರಜಿನ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಸಂತೋಷವೇ. ಆದರೆ ಆ ಮಾನ್ಯತೆ ಗಿರಾಕಿಯನ್ನು ಅಂಗಡಿಗೆ ಕರೆತರುವುದಿಲ್ಲ. ಬೆಂಗಳೂರಿನಲ್ಲೇ ತಯಾರಾಗುವ ಎಲೆಕ್ಟ್ರಾನಿಕ್ ತಂಬೂರಿ ಬಂದು ದಶಕಗಳಾದವು, ಈಗ ಮೊಬೈಲಿನಲ್ಲೇ ಶ್ರುತಿ ಸಿಗುತ್ತದೆ. ಒಬ್ಬನೇ ಕೂತು ರಿಯಾಜು ಮಾಡುವವನಿಗೆ ಅದು ದೊಡ್ಡ ಅನುಕೂಲ, ಅದನ್ನು ಹಳಿಯುವುದು ಸರಿಯಲ್ಲ. ಆದರೆ ಮೊಬೈಲು ಕೆಟ್ಟರೆ ಎಸೆಯುತ್ತೇವೆ. ತಂಬೂರಿ ಕೆಟ್ಟರೆ ಅದನ್ನು ಕಟ್ಟಿದವನ ಮಗನ ಹತ್ತಿರ ಹೋಗಬಹುದು. ಅಂಗಡಿ ಬದುಕುವುದು ಹೊಸದನ್ನು ಮಾರಿದ್ದರಿಂದಷ್ಟೇ ಅಲ್ಲ, ಹಳೆಯದನ್ನು ಹೊತ್ತು ತರುವವರಿಂದಲೂ. ಫರೀದಸಾಹೇಬರ ಕಸುಬು ಶುರುವಾದದ್ದೂ ದುರಸ್ತಿಯಿಂದಲೇ ಅಲ್ಲವೇ?

ನಿಮ್ಮೂರ ಮಠದಲ್ಲೋ ಅಜ್ಜನ ಮನೆಯ ಅಟ್ಟದ ಮೇಲೋ ಬುರುಡೆ ಸೀಳಿದ ತಂಬೂರಿ ಇದ್ದರೆ ಗುಜರಿಯವನಿಗೆ ಕೊಡಬೇಡಿ. ವಾಡಿಯಲ್ಲಿ ರೈಲು ಹತ್ತಿ, ಸೋಲಾಪುರ ದಾಟಿ ಕುರ್ಡುವಾಡಿಯಲ್ಲಿ ಇಳಿದು, ಪಂಢರಪುರದ ದಾರಿಯ ಗಾಡಿ ಹಿಡಿದರೆ ಮಿರಜ ಬರುತ್ತದೆ. ಒಡೆದ ಬುರುಡೆಯನ್ನು ಕೂಡಿಸುವವರು ಅಲ್ಲಿ ಇನ್ನೂ ಇದ್ದಾರೆ.