ಮತ ಕೇಳಲು ಬಂದ ಸಹಪಾಠಿ

1989ರ ಮಾರ್ಚ್ 28ರಂದು ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಆಗಷ್ಟೇ ಪದವಿ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗ ಹುಡುಗಿಯರಿಗೂ ಲೋಕಸಭೆಗೆ ಮತ ಹಾಕುವ ಹಕ್ಕು ಸಿಕ್ಕಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1989–90ರ ಸುಮಾರಿಗೆ, ಕ್ಯಾಂಪಸ್ಸಿನಲ್ಲಿ ಹೊಡೆದಾಟ, ಗುಂಪುಗಾರಿಕೆ ಮಿತಿಮೀರಿದೆ ಎಂಬ ಕಾರಣಕ್ಕೆ ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆಗೆ ನಿಷೇಧ ಬಿತ್ತು. ದೇಶ ಆಳುವವರನ್ನು ಆರಿಸುವ ಹಕ್ಕು ಬಂದ ಕಾಲದಲ್ಲೇ ತನ್ನ ಕಾಲೇಜಿನ ಸಂಘಕ್ಕೆ ಕಾರ್ಯದರ್ಶಿಯನ್ನು ಆರಿಸುವ ಹಕ್ಕು ನಮ್ಮ ವಿದ್ಯಾರ್ಥಿಯ ಕೈತಪ್ಪಿತು. ಅಲ್ಲಿಂದೀಚೆಗೆ ಮೂರೂವರೆ ದಶಕ ಕಳೆದಿದೆ. ಇಂದು ತರಗತಿಯಲ್ಲಿ ಕುಳಿತವರಷ್ಟೇ ಅಲ್ಲ, ಎದುರು ನಿಂತು ಪಾಠ ಹೇಳುವ ಎಷ್ಟೋ ಅಧ್ಯಾಪಕರೂ ಕಾಲೇಜು ಚುನಾವಣೆಯನ್ನು ಕಣ್ಣಾರೆ ಕಂಡವರಲ್ಲ.

ಚುನಾವಣೆ ಹೋದ ಜಾಗಕ್ಕೆ ಬಂದದ್ದು ನೇಮಕ. ಅಂಕ ಚೆನ್ನಾಗಿ ಬಂದವರನ್ನು, ಮೇಷ್ಟ್ರ ಮಾತು ಮೀರದವರನ್ನು ಸಿ.ಆರ್. (ತರಗತಿ ಪ್ರತಿನಿಧಿ) ಎಂದು ಹೆಸರಿಸುತ್ತಾರೆ. ಪರೀಕ್ಷಾ ಶುಲ್ಕದ ಕೊನೆಯ ದಿನಾಂಕವನ್ನು ತರಗತಿಗೆ ತಿಳಿಸುವುದು, ಶಿಕ್ಷಕರ ದಿನಾಚರಣೆಗೆ ದುಡ್ಡು ಎತ್ತುವುದು, ಕಾಲೇಜು ಡೇ ವೇದಿಕೆಯಲ್ಲಿ ವಂದನಾರ್ಪಣೆ ಮಾಡುವುದು ಅವರ ಕೆಲಸ. ಪಾಪ, ಆ ಹುಡುಗರದ್ದೇನೂ ತಪ್ಪಿಲ್ಲ. ನೇಮಿಸಿದವರಿಗೆ ಅವರು ಉತ್ತರ ಹೇಳಬೇಕು. ತರಗತಿಯವರು ಅವರನ್ನು ಆರಿಸಿಲ್ಲವಾದ್ದರಿಂದ ಪ್ರಶ್ನೆ ಕೇಳುವ ಹಕ್ಕು ತರಗತಿಗೆ ಇರುವುದಿಲ್ಲ.

ಚುನಾವಣೆಗೆ ನಿಲ್ಲುವುದೆಂದರೆ ಭಾಷಣ, ಮೆರವಣಿಗೆ, ಜೈಕಾರ ಎಂದಷ್ಟೇ ತಿಳಿದವರು ಅದರ ಒಳಗಿನ ಕಷ್ಟ ನೋಡಿಲ್ಲ. ನಾಮಪತ್ರಕ್ಕೆ ಸೂಚಕರೊಬ್ಬರು, ಅನುಮೋದಕರೊಬ್ಬರು ಬೇಕು. ಜೊತೆಗೆ ತಿಂಡಿ ತಿನ್ನುವ ಗೆಳೆಯ ಸಹಿ ಹಾಕಲು ಹಿಂಜರಿದಾಗ ಮೊದಲ ಪಾಠವಾಗುತ್ತದೆ. ಆಮೇಲೆ ಪರಿಚಯವೇ ಇಲ್ಲದ ವಿಭಾಗಕ್ಕೆ ಹೋಗಿ, ಲ್ಯಾಬಿನ ಬಾಗಿಲಲ್ಲಿ ನಿಂತು, ತನಗಿಂತ ಹಿರಿಯರಾದವರಲ್ಲಿ ಮತ ಕೇಳಬೇಕು. ಧಾರವಾಡದ ಹಾಸ್ಟೆಲಿನಲ್ಲಿ ಅಂಥದೊಂದು ಸಂಜೆಯನ್ನು ಕಲ್ಪಿಸಿಕೊಳ್ಳಿ. “ಅಕ್ಕಾರ, ಈ ಸಲ ನನಗೊಂದು ವೋಟ್ ಹಾಕ್ರಿ” ಎಂದು ಕೇಳಿದವಳಿಗೆ, “ಹಾಕೋಣಂತ, ಆದ್ರ ಸಂಜಿ ಬಸ್ಸಿಂದು ಏನ್ ಮಾಡ್ತಿ ಮೊದಲ ಅದನ್ನ ಹೇಳು” ಎಂಬ ಮಾತು ಎದುರಾಗುತ್ತದೆ. ಆ ಬಸ್ಸು ಯಾವ ಡಿಪೊದ್ದು, ಅರ್ಜಿ ಯಾರಿಗೆ ಕೊಡಬೇಕು, ಹಿಂದೆ ಕೊಟ್ಟ ಅರ್ಜಿ ಏನಾಯಿತು ಎಂದು ಆಕೆ ಮರುದಿನ ವಿಚಾರಿಸಿಕೊಂಡು ಬರಬೇಕು. ಪೌರನೀತಿಯ ಪಠ್ಯದಲ್ಲಿ ಒಂದು ಅಧ್ಯಾಯ ಓದಿದರೆ ಬಾರದ ತಿಳಿವಳಿಕೆ ಆ ಒಂದು ಓಡಾಟದಲ್ಲಿ ಬರುತ್ತದೆ.

ಸೋಲಿನ ಪಾಠ ಇದಕ್ಕಿಂತ ದೊಡ್ಡದು. ವಿಧಾನಸಭೆಗೆ ನಿಂತು ಸೋತವರು ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದು. ಕಾಲೇಜಿನಲ್ಲಿ ಸೋತವನು ಮರುದಿನ ಬೆಳಿಗ್ಗೆ ಗೆದ್ದವನ ಪಕ್ಕದ ಬೆಂಚಿನಲ್ಲೇ ಕೂರಬೇಕು. ಅವನ ನೋಟ್ಸ್ ಕೇಳಬೇಕು, ಒಂದೇ ಮೆಸ್ಸಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಕೈಕೊಟ್ಟ ಗೆಳೆಯ ಯಾರೆಂದು ಗೊತ್ತಿದ್ದೂ ಅವನೊಂದಿಗೆ ಮಾತು ಮುಂದುವರಿಸಬೇಕು. ಎದುರಾಳಿ ಶತ್ರುವಲ್ಲ ಎಂಬುದನ್ನು ಇಪ್ಪತ್ತರ ವಯಸ್ಸಿನಲ್ಲಿ ಅನುಭವದಿಂದ ಕಲಿತವರು ನಮ್ಮ ಸಾರ್ವಜನಿಕ ಬದುಕಿಗೆ ಎಷ್ಟು ಬೇಕಾಗಿದ್ದಾರೆ ಎಂಬುದನ್ನು ಇಂದಿನ ಸದನದ ಕಲಾಪ ನೋಡಿದವರಿಗೆ ಹೇಳಬೇಕಾಗಿಲ್ಲ.

ಇಂಥ ಚುನಾವಣೆ ಚೆನ್ನಾಗಿ ನಡೆಯುವ ಜಾಗ ನಮ್ಮ ದೇಶದಲ್ಲೇ ಇದೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ (ಜೆಎನ್‌ಯು) 1969ರಲ್ಲಿ ಶುರುವಾಯಿತು. ಅಲ್ಲಿಯ ವಿದ್ಯಾರ್ಥಿ ಸಂಘದ ಚುನಾವಣೆ ನಡೆಸುವುದು ವಿದ್ಯಾರ್ಥಿಗಳೇ ರಚಿಸಿಕೊಂಡ ಚುನಾವಣಾ ಆಯೋಗ. ಮುಖ್ಯ ಚುನಾವಣಾ ಆಯುಕ್ತ ಕೂಡ ವಿದ್ಯಾರ್ಥಿಯೇ. ನಾಮಪತ್ರ ಪರಿಶೀಲನೆಯಿಂದ ಹಿಡಿದು ಮತ ಎಣಿಕೆಯವರೆಗೆ ಎಲ್ಲವೂ ಅವರದೇ ಜವಾಬ್ದಾರಿ. ಅಧ್ಯಕ್ಷ, ಉಪಾಧ್ಯಕ್ಷ, ಪ್ರಧಾನ ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ ಈ ನಾಲ್ಕು ಹುದ್ದೆಗಳಿಗೆ ಇಡೀ ಕ್ಯಾಂಪಸ್ ಮತ ಹಾಕುತ್ತದೆ, ಜೊತೆಗೆ ಒಂದೊಂದು ಅಧ್ಯಯನ ವಿಭಾಗದಿಂದ ಕೌನ್ಸಿಲರುಗಳು ಆರಿಸಿ ಬರುತ್ತಾರೆ.

ಅಲ್ಲಿನ ಹಾಸ್ಟೆಲುಗಳಿಗೆ ನದಿಗಳ ಹೆಸರು: ಝೇಲಂ, ಸಾಬರಮತಿ, ಗೋದಾವರಿ, ಪೆರಿಯಾರ್. ನಮ್ಮ ಕಾವೇರಿಯೂ ಉಂಟು. ಚುನಾವಣೆಯ ದಿನಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಉಮೇದುವಾರರು ಈ ಹಾಸ್ಟೆಲುಗಳ ಮೆಸ್ಸಿಗೆ ಬರುತ್ತಾರೆ. ಊಟ ಮಾಡುತ್ತಿದ್ದವರು ತಲೆಯೆತ್ತಿ ಕೇಳುತ್ತಾರೆ, ನಡುವೆ ಪ್ರಶ್ನೆ ಎಸೆಯುತ್ತಾರೆ. ಬೆಳಿಗ್ಗೆ ಎದ್ದರೆ ಕೋಣೆಯ ಬಾಗಿಲ ಸಂದಿಯಲ್ಲಿ ಕರಪತ್ರ ಬಿದ್ದಿರುತ್ತದೆ. ಅದು ಫೋಟೊ, ಘೋಷಣೆಗಳ ಚೀಟಿಯಲ್ಲ, ಎರಡೂ ಬದಿ ಒತ್ತೊತ್ತಾಗಿ ಅಚ್ಚಾದ ವಾದ. ಫೆಲೋಶಿಪ್ ಮೊತ್ತ, ಹಾಸ್ಟೆಲ್ ಶುಲ್ಕ, ಗ್ರಂಥಾಲಯದ ಸಮಯದಿಂದ ಶುರುವಾಗಿ ಪ್ಯಾಲೆಸ್ತೀನಿನವರೆಗೂ ಹೋಗುತ್ತದೆ. ಮತದಾನಕ್ಕೆ ಮುಂಚಿನ ದಿನಗಳಲ್ಲಿ ಅಧ್ಯಕ್ಷೀಯ ಅಭ್ಯರ್ಥಿಗಳ ಚರ್ಚೆ ಏರ್ಪಡುತ್ತದೆ. ಸಾವಿರಾರು ಜನ ನೆಲದ ಮೇಲೆ ಕುಳಿತಿರುತ್ತಾರೆ, ತಮಟೆ, ದಫ್‌ಗಳ ಸದ್ದಿನ ನಡುವೆ ಒಬ್ಬೊಬ್ಬರೂ ತಮ್ಮ ಪಾಲಿನ ನಿಮಿಷಗಳಲ್ಲಿ ಮಾತಾಡುತ್ತಾರೆ. ಆಮೇಲೆ ಉಮೇದುವಾರರು ಒಬ್ಬರನ್ನೊಬ್ಬರು ಪ್ರಶ್ನಿಸುತ್ತಾರೆ, ಸಭಿಕರೂ ಪ್ರಶ್ನೆ ಹಾಕುತ್ತಾರೆ. ನಡುರಾತ್ರಿ ದಾಟಿದರೂ ಜನ ಏಳುವುದಿಲ್ಲ.

ಅಂಥ ಜಾಗದಿಂದ, ಮುಂದೆ ಎಡಪಕ್ಷದ ನಾಯಕರಾದ ಸೀತಾರಾಮ್ ಯೆಚೂರಿ ಬಂದರು. 1977ರಲ್ಲಿ ಸಂಘದ ಅಧ್ಯಕ್ಷರಾಗಿದ್ದ ಅವರು, ಲೋಕಸಭಾ ಚುನಾವಣೆಯಲ್ಲಿ ಸೋತರೂ ವಿಶ್ವವಿದ್ಯಾಲಯದ ಕುಲಾಧಿಪತಿಯಾಗಿ ಮುಂದುವರಿದಿದ್ದ ಇಂದಿರಾ ಗಾಂಧಿಯವರ ಮನೆ ಮುಂದೆಯೇ ನಿಂತು, ರಾಜೀನಾಮೆ ಕೋರುವ ಮನವಿಯನ್ನು ಅವರಿಗೆ ಓದಿ ಹೇಳಿದರು. ಇಂದಿರಾ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು, ಸ್ವಲ್ಪ ದಿನಗಳಲ್ಲೇ ಆ ಹುದ್ದೆ ಬಿಟ್ಟರು. ಆ ಸನ್ನಿವೇಶದಲ್ಲಿ ಯೆಚೂರಿಯವರ ಧೈರ್ಯದಷ್ಟೇ ಇಂದಿರಾ ಅವರ ತಾಳ್ಮೆಯೂ ನನಗೆ ಕಾಣುತ್ತದೆ. ಆರಿಸಿ ಬಂದ ಪ್ರತಿನಿಧಿ ಎಂಬ ಸ್ಥಾನಕ್ಕೆ ಇದ್ದ ಬೆಲೆ ಅದು. ಇತ್ತ 1974ರಲ್ಲಿ ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಅಧ್ಯಕ್ಷರಾಗಿದ್ದ, ಮುಂದೆ ಬಿಜೆಪಿ ನಾಯಕರಾದ ಅರುಣ್ ಜೇಟ್ಲಿ ಮರುವರ್ಷ ತುರ್ತುಪರಿಸ್ಥಿತಿಯಲ್ಲಿ ಜೈಲು ಸೇರಿದರು. ಎಡದವರೂ ಬಲದವರೂ ಒಂದೇ ಗರಡಿಯಲ್ಲಿ ಪಳಗಿದ ಕಾಲವದು. 2024ರಲ್ಲಿ, ನಾಲ್ಕು ವರ್ಷಗಳ ಬಿಡುವಿನ ನಂತರ ಜೆಎನ್‌ಯು ಚುನಾವಣೆ ನಡೆದಾಗ ಬಿಹಾರದ ಗಯಾ ಕಡೆಯ ದಲಿತ ವಿದ್ಯಾರ್ಥಿ ಧನಂಜಯ್ ಅಧ್ಯಕ್ಷರಾದರು. 1996ರಲ್ಲಿ ಗೆದ್ದ ಬತ್ತಿಲಾಲ್ ಬೈರ್ವಾ ಅವರ ನಂತರ ಆ ಹುದ್ದೆಗೇರಿದ ದಲಿತರು ಅವರೇ.

ಆದರೆ ಚುನಾವಣೆ ಇದ್ದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ. ದೆಹಲಿ ವಿಶ್ವವಿದ್ಯಾಲಯದಲ್ಲಿ ಲಕ್ಷಕ್ಕೂ ಮಿಕ್ಕಿ ಮತದಾರರು. ಅಷ್ಟು ದೊಡ್ಡ ಕ್ಷೇತ್ರದಲ್ಲಿ ಉಮೇದುವಾರ ಪ್ರತಿಯೊಬ್ಬರನ್ನೂ ಭೇಟಿಯಾಗಲು ಆಗದು, ಆ ಜಾಗವನ್ನು ಕಾರುಗಳ ಸಾಲು, ಬಣ್ಣದ ಪೋಸ್ಟರು, ಗೋಡೆಬರಹ ತುಂಬುತ್ತವೆ. 2024ರಲ್ಲಿ ಮೆಟ್ರೊ ಕಂಬ, ಬಸ್ ತಂಗುದಾಣಗಳೆಲ್ಲ ಹೊಲಸಾದದ್ದನ್ನು ಕಂಡ ದೆಹಲಿ ಹೈಕೋರ್ಟ್, ಗೋಡೆ ಶುಚಿ ಮಾಡುವ ತನಕ ಮತ ಎಣಿಸಬೇಡಿ ಎಂದಿತು. ಸೆಪ್ಟೆಂಬರಿನಲ್ಲಿ ಹಾಕಿದ ಮತಗಳು ನವೆಂಬರ್ ಕೊನೆಗೆ ಎಣಿಕೆಯಾದವು. ಆ ವರ್ಷ ಜೆಎನ್‌ಯುನಲ್ಲಿ ಶೇ 73ರಷ್ಟು ಮತದಾನವಾದರೆ ದೆಹಲಿ ವಿಶ್ವವಿದ್ಯಾಲಯದಲ್ಲಿ ಶೇ 35ರ ಆಸುಪಾಸಿನಲ್ಲೇ ನಿಂತಿತು. ದುಡ್ಡು ಸುರಿದ ಕಡೆ ಜನ ಬರಲಿಲ್ಲ, ಮುಖಾಮುಖಿ ಮಾತಾಡಿದ ಕಡೆ ಬಂದರು. ಜೆಎನ್‌ಯು ಕೂಡ ಗಲಾಟೆಯಿಂದ ಮುಕ್ತವೇನಲ್ಲ, 2025ರ ಏಪ್ರಿಲ್‌ನಲ್ಲಿ ಅಲ್ಲಿಯ ಆಯೋಗವೇ ಕೆಲದಿನ ಪ್ರಕ್ರಿಯೆ ನಿಲ್ಲಿಸಬೇಕಾಯಿತು.

ಹಿಂಸೆಯ ಭಯವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2006ರ ಆಗಸ್ಟಿನಲ್ಲಿ ಉಜ್ಜಯಿನಿಯ ಮಾಧವ್ ಕಾಲೇಜಿನಲ್ಲಿ ವಿದ್ಯಾರ್ಥಿ ಚುನಾವಣೆಯ ಗಲಭೆಯ ನಡುವೆ ಪ್ರೊಫೆಸರ್ ಎಚ್.ಎಸ್. ಸಭರ್ವಾಲ್ ಪ್ರಾಣ ಕಳೆದುಕೊಂಡರು. ಮಕ್ಕಳನ್ನು ಕಾಲೇಜಿಗೆ ಕಳಿಸುವ ತಂದೆತಾಯಿ ಇಂಥದನ್ನು ಕೇಳಿದ ಮೇಲೆ ‘ಚುನಾವಣೆಯೇ ಬೇಡಪ್ಪ’ ಎಂದರೆ ಅದು ಸಹಜ.

ಇದಕ್ಕೆ ಮದ್ದು ಹುಡುಕಿಯಾಗಿದೆ. ಸುಪ್ರೀಂ ಕೋರ್ಟ್ ಸೂಚನೆಯಂತೆ ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೊ ಅವರ ನೇತೃತ್ವದಲ್ಲಿ ಸಮಿತಿ ರಚನೆಯಾಗಿ 2006ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು, ಅದೇ ಸೆಪ್ಟೆಂಬರ್ 22ರಂದು ಕೋರ್ಟ್ ಅದನ್ನು ಒಪ್ಪಿತು. ಒಬ್ಬ ಉಮೇದುವಾರ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಅಚ್ಚು ಹಾಕಿಸಿದ ಪೋಸ್ಟರ್ ಕೂಡದು, ಕೈಯಲ್ಲಿ ಬರೆದದ್ದು ಮಾತ್ರ. ಪ್ರಚಾರಕ್ಕೆ ಧ್ವನಿವರ್ಧಕ, ವಾಹನ ಇಲ್ಲ. ಶೇ 75 ಹಾಜರಾತಿ ಬೇಕು, ಆ ವರ್ಷ ಯಾವ ವಿಷಯದಲ್ಲೂ ಬಾಕಿ ಇರಬಾರದು. ಪದಾಧಿಕಾರಿ ಹುದ್ದೆಗೆ ಸ್ಪರ್ಧಿಸಲು ಒಂದೇ ಅವಕಾಶ, ಇಡೀ ಪ್ರಕ್ರಿಯೆ ಹತ್ತು ದಿನಗಳಲ್ಲಿ ಮುಗಿಯಬೇಕು, ಫಲಿತಾಂಶ ಬಂದ ಎರಡು ವಾರದೊಳಗೆ ಲೆಕ್ಕ ಒಪ್ಪಿಸಬೇಕು. ಕೆಲವು ನಿಯಮಗಳು ಬಿಗಿಯಾದವು ಎಂದು ನನಗೂ ಅನಿಸುತ್ತದೆ. ಸಂಶೋಧನಾ ವಿದ್ಯಾರ್ಥಿಗಳಿಗೆ 28ರ ವಯೋಮಿತಿ ಹಾಕಿದ್ದರಿಂದ ಜೆಎನ್‌ಯು ತಕರಾರೆತ್ತಿತು. 2008ರಲ್ಲಿ ಅಲ್ಲಿ ನಿಂತ ಚುನಾವಣೆ ಕೋರ್ಟ್ ಸಡಿಲಿಕೆ ಕೊಟ್ಟ ಮೇಲೆ 2012ರಲ್ಲಷ್ಟೇ ಮತ್ತೆ ನಡೆಯಿತು.

ಇದೇ ವರದಿಯಲ್ಲಿ ಕರ್ನಾಟಕಕ್ಕೆ ನೇರವಾಗಿ ತಟ್ಟುವ ಮಾತೊಂದಿದೆ. ವಾತಾವರಣ ಕೆಟ್ಟಿರುವ ಕಡೆ ತಾತ್ಕಾಲಿಕವಾಗಿ ನೇಮಕ ಪದ್ಧತಿ ಇರಲಿ, ಆದರೆ ಐದು ವರ್ಷಗಳ ಅವಧಿಯಲ್ಲಿ ಎಲ್ಲ ಸಂಸ್ಥೆಗಳೂ ಚುನಾವಣೆಗೆ ಹೊರಳಬೇಕು ಎಂದು ಅದು ಹೇಳುತ್ತದೆ. ಆ ಐದು ವರ್ಷ 2011ಕ್ಕೇ ಮುಗಿಯಿತು. ನಾವು ಇನ್ನೂ ‘ತಾತ್ಕಾಲಿಕ’ದಲ್ಲೇ ಇದ್ದೇವೆ. ಈಚೆಗೆ ಆಡಳಿತ ಪಕ್ಷದ ನಾಯಕರೇ ಕ್ಯಾಂಪಸ್ ಚುನಾವಣೆ ಮರಳಿ ತರುವ ಮಾತೆತ್ತಿದ್ದಾರೆ. ಪಕ್ಷಗಳಿಗೆ ಕಾರ್ಯಕರ್ತರು ಬೇಕು ಎಂಬ ಕಾರಣಕ್ಕಷ್ಟೇ ಅದು ಬಂದರೆ ದೆಹಲಿಯ ಗೋಡೆಗಳ ಗತಿಯೇ ನಮ್ಮ ಗೋಡೆಗಳಿಗೂ ಬರುತ್ತದೆ.

ವಿಚಿತ್ರವೆಂದರೆ ನಮ್ಮ ಮಕ್ಕಳು ಚುನಾವಣೆ ಕಲಿತೇ ಕಾಲೇಜಿಗೆ ಬರುತ್ತಾರೆ. ಶಾಲೆ ಶುರುವಾದ ಹೊಸತರಲ್ಲಿ ರಾಜ್ಯದ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ಆರನೇ ಏಳನೇ ತರಗತಿಯ ಮಕ್ಕಳು ನಾಮಪತ್ರ ಸಲ್ಲಿಸಿ, ಚಿಹ್ನೆ ಪಡೆದು, ತರಗತಿಯಿಂದ ತರಗತಿಗೆ ಹೋಗಿ ಮತ ಕೇಳುತ್ತಾರೆ. ಮತಗಟ್ಟೆಯ ಅಧಿಕಾರಿಗಳೂ ಮಕ್ಕಳೇ. ಮೊಬೈಲ್ ಆ್ಯಪನ್ನೇ ಮತಯಂತ್ರ ಮಾಡಿಕೊಂಡ ಮೇಷ್ಟ್ರುಗಳಿದ್ದಾರೆ. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಹೊರಬಂದ ಮಗು ಅದನ್ನು ಮನೆಯವರಿಗೆಲ್ಲ ತೋರಿಸುತ್ತದೆ. ಆಮೇಲೆ ಆರೋಗ್ಯ ಮಂತ್ರಿ ಉಗುರು ನೋಡುತ್ತಾನೆ, ನೀರಾವರಿ ಮಂತ್ರಿ ಕೈತೋಟಕ್ಕೆ ನೀರು ಬಿಡುತ್ತಾಳೆ. ಹನ್ನೆರಡರ ವಯಸ್ಸಿನಲ್ಲಿ ಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡ ಹುಡುಗಿಗೆ ಹತ್ತೊಂಬತ್ತರಲ್ಲಿ ಕಾಲೇಜು ‘ನಿನಗಿನ್ನೂ ತಿಳಿವಳಿಕೆ ಸಾಲದು’ ಎನ್ನುತ್ತದೆ. ಅದೇ ಹುಡುಗಿ ಇಪ್ಪತ್ತೊಂದಕ್ಕೆ ಗ್ರಾಮ ಪಂಚಾಯಿತಿಗೆ ನಿಲ್ಲಬಹುದು. ಅಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ನಡುವಿನ ಆ ವರ್ಷಗಳಲ್ಲಿ ಆಕೆಗೆ ಅಭ್ಯಾಸದ ಜಾಗವೇ ಇಲ್ಲ. ಗೆದ್ದ ಸದಸ್ಯೆಯ ಪರವಾಗಿ ಗಂಡನೋ ಅಣ್ಣನೋ ಮಾತಾಡುವ ಪಂಚಾಯಿತಿ ಸಭೆಗಳ ಬಗ್ಗೆ ನಾವು ಕೊರಗುತ್ತೇವೆ. ಆ ಹೆಣ್ಣುಮಗಳಿಗೆ ಸಭೆಯಲ್ಲಿ ಎದ್ದು ನಿಲ್ಲುವ ರೂಢಿಯನ್ನು ಕಾಲೇಜು ಕೊಡಬಹುದಿತ್ತಲ್ಲ?

ಚುನಾವಣೆಗೆ ನಿಲ್ಲುವ ಅವಕಾಶ ಸಿಕ್ಕರೆ ನಮ್ಮವರು ಎಲ್ಲಿಯವರೆಗೂ ಹೋಗಬಲ್ಲರು. 2021ರ ಫೆಬ್ರುವರಿಯಲ್ಲಿ ಉಡುಪಿಯ ರಶ್ಮಿ ಸಾಮಂತ್ ಆಕ್ಸ್‌ಫರ್ಡ್ ವಿದ್ಯಾರ್ಥಿ ಸಂಘದ ಅಧ್ಯಕ್ಷ ಸ್ಥಾನಕ್ಕೆ ಗೆದ್ದರು. ಆದರೆ ಹಳೆಯ ಸಾಮಾಜಿಕ ಜಾಲತಾಣದ ಬರಹಗಳ ಬಗ್ಗೆ ಆಕ್ಷೇಪ ಎದ್ದು, ಕೆಲವೇ ದಿನಗಳಲ್ಲಿ ಸ್ಥಾನ ಬಿಟ್ಟುಕೊಟ್ಟರು. ಆ ಪ್ರಕರಣದ ಬಗ್ಗೆ ಎರಡೂ ಕಡೆ ವಾದಗಳಿವೆ. ಸಾರ್ವಜನಿಕ ಸ್ಥಾನ ಕೇಳಿದ ಕ್ಷಣದಿಂದ ನಮ್ಮ ಹಿಂದಿನ ಮಾತುಗಳೂ ಲೆಕ್ಕಕ್ಕೆ ಬರುತ್ತವೆ ಎಂಬುದನ್ನಂತೂ ಅದು ತೋರಿಸಿತು.

ಕರ್ನಾಟಕ ಮತ್ತೆ ಶುರುಮಾಡುವುದಾದರೆ ಸಣ್ಣದಾಗಿ ಶುರುಮಾಡಲಿ. ಇಡೀ ವಿಶ್ವವಿದ್ಯಾಲಯಕ್ಕೆ ಒಬ್ಬ ಅಧ್ಯಕ್ಷ ಎಂದು ಮೊದಲ ವರ್ಷವೇ ಹೊರಟರೆ ಹಣವಿದ್ದವರಷ್ಟೇ ಗೆಲ್ಲುತ್ತಾರೆ. ಮೊದಲು ಪ್ರತಿ ತರಗತಿಯ ಸಿ.ಆರ್. ಗುಪ್ತ ಮತದಾನದಿಂದ ಆರಿಸಿ ಬರಲಿ, ಮರುವರ್ಷ ಕಾಲೇಜಿನ ಸಂಘಕ್ಕೆ ನೇರ ಚುನಾವಣೆ ಆಗಲಿ. ಚುನಾವಣಾ ಆಯೋಗದಲ್ಲಿ ವಿದ್ಯಾರ್ಥಿಗಳೇ ಇರಲಿ, ಪ್ರಾಂಶುಪಾಲರು ದೂರು ಬಂದಾಗ ಕೇಳುವ ಸ್ಥಾನದಲ್ಲಿರಲಿ. ಮತದಾನದ ಹಿಂದಿನ ದಿನ ಕಾಲೇಜಿನ ಸಭಾಂಗಣದಲ್ಲಿ ಎಲ್ಲ ಉಮೇದುವಾರರ ಬಹಿರಂಗ ಚರ್ಚೆ ಕಡ್ಡಾಯವಾಗಲಿ, ಬಾರದವರ ಕುರ್ಚಿ ವೇದಿಕೆಯ ಮೇಲೆ ಖಾಲಿಯೇ ಇರಲಿ. ಹುಡುಗಿಯರೇ ಹೆಚ್ಚಿರುವ ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಕನಿಷ್ಠ ಅರ್ಧ ಹುದ್ದೆ ಅವರಿಗಿರಲಿ. ಆರಿಸಿ ಬಂದವರಿಗೆ ಕಾಲೇಜು ಅಭಿವೃದ್ಧಿ ಸಮಿತಿಯ ಸಭೆಯಲ್ಲಿ ಕುರ್ಚಿ ಕೊಡಿ. ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ವಿದ್ಯಾರ್ಥಿವೇತನ ಖಾತೆಗೆ ಬಂದಿಲ್ಲ, ನಾಲ್ಕೂವರೆಯ ಬಸ್ಸು ನಾಲ್ಕು ದಿನದಿಂದ ಬಂದಿಲ್ಲ ಎಂಬ ಪಟ್ಟಿ ಹಿಡಿದು ಅವರು ಅಲ್ಲಿ ಕೂರಲಿ. ಮುಂದಿನ ಸಭೆಯಲ್ಲಿ ಅದೇ ಪಟ್ಟಿಯನ್ನು ಮತ್ತೆ ತೆರೆದು, ಯಾವುದು ಆಯಿತು, ಯಾವುದು ಆಗಲಿಲ್ಲ ಎಂದು ಕೇಳಲಿ.